ಕರುಳಿನೊಳಗಿನ ಎರಡನೆಯ ಕಣ್ಣು

(ಉಪನ್ಯಾಸವೊಂದರ ಬರಹರೂಪ)

1985ರ ಜುಲೈ 12. ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಅವರು ವಾಷಿಂಗ್ಟನ್ ಸಮೀಪದ ಬೆಥೆಸ್ಡಾ ನೌಕಾ ಆಸ್ಪತ್ರೆಗೆ ದಾಖಲಾದರು. ಬಂದದ್ದು ಸಣ್ಣ ಕೆಲಸಕ್ಕೆ. ದೊಡ್ಡ ಕರುಳಿನಲ್ಲಿ ಕೆಲವು ತಿಂಗಳ ಹಿಂದೆ ಕಂಡಿದ್ದ ಪುಟ್ಟ ಗಂಟೊಂದನ್ನು ತೆಗೆಸಿಕೊಂಡು ಹೋಗುವುದಷ್ಟೇ ಉದ್ದೇಶ. ವೈದ್ಯರು ಬಾಗುವ ಕೊಳವೆಯೊಂದನ್ನು ಒಳಗೆ ಇಳಿಸಿ, ಕರುಳಿನ ಕೊನೆಯ ಮೂಲೆಯವರೆಗೂ ನೋಡಿಕೊಂಡು ಹೋದರು. ಆ ಮೂಲೆಯಲ್ಲಿ, ಯಾರೂ ನಿರೀಕ್ಷಿಸದ ಜಾಗದಲ್ಲಿ, ಇನ್ನೊಂದು ದೊಡ್ಡ ಗಂಟು ಕಾದಿತ್ತು. ಮರುದಿನ ಶಸ್ತ್ರಚಿಕಿತ್ಸೆ. ಸುಮಾರು ಎರಡು ಅಡಿ ಉದ್ದದ ಕರುಳನ್ನು ಕತ್ತರಿಸಿ ತೆಗೆಯಬೇಕಾಯಿತು. ಸುಮಾರು ಎಂಟು ಗಂಟೆ ಕಾಲ ಅಧ್ಯಕ್ಷರ ಅಧಿಕಾರ ಉಪಾಧ್ಯಕ್ಷ ಜಾರ್ಜ್ ಬುಷ್ ಅವರ ಕೈಯಲ್ಲಿತ್ತು. ಗಂಟಿನಲ್ಲಿ ಕ್ಯಾನ್ಸರ್ ಇತ್ತು ಎಂದು ಜುಲೈ 15ರಂದು ಪ್ರಕಟಿಸಲಾಯಿತು. ಸಮಯಕ್ಕೆ ಸಿಕ್ಕಿಬಿದ್ದುದರಿಂದ ರೇಗನ್ ಅದರಿಂದ ಪಾರಾದರು. 2004ರವರೆಗೂ ಬದುಕಿದ್ದರು.

ಇಪ್ಪತ್ತೈದು ವರ್ಷಗಳ ನಂತರ, 2010ರ ಫೆಬ್ರವರಿಯಲ್ಲಿ, ಅದೇ ಬೆಥೆಸ್ಡಾ ಆಸ್ಪತ್ರೆಗೆ ಇನ್ನೊಬ್ಬ ಅಧ್ಯಕ್ಷರು ಬಂದರು. ಬರಾಕ್ ಒಬಾಮ ಅವರ ಕರುಳಿನ ತಪಾಸಣೆಯೂ ಅಂದು ನಡೆಯಿತು. ಆದರೆ ಉದ್ದನೆಯ ಕೊಳವೆ ಒಳಗೆ ಹೋಗಲಿಲ್ಲ. ಅವರು ಸಿ.ಟಿ. ಸ್ಕ್ಯಾನ್ ಯಂತ್ರದ ಮಂಚದ ಮೇಲೆ ಮಲಗಿದರು. ಚಿತ್ರಗಳು ಕಂಪ್ಯೂಟರಿಗೆ ಹೋದವು.

ಈ ಎರಡು ತಪಾಸಣೆಗಳ ನಡುವಿನ ಇಪ್ಪತ್ತೈದು ವರ್ಷಗಳಲ್ಲಿ ವೈದ್ಯರ ಕಣ್ಣಿಗೆ ಜೊತೆಯಾಗಿ ಇನ್ನೊಂದು ಕಣ್ಣು ಹುಟ್ಟಿಕೊಂಡಿತು. ಅದು ಗಣಕಯಂತ್ರದ ಕಣ್ಣು. ಅದು ಹೇಗೆ ಬಂತು, ಏನನ್ನು ನೋಡುತ್ತದೆ, ಅದು ಬಂದ ಮೇಲೆ ಮೊದಲಿನ ಕಣ್ಣಿನ ಗತಿ ಏನಾಯಿತು ಎಂಬುದೇ ಇಂದಿನ ವಿಷಯ.

ಕಾಳಿನಷ್ಟು ಗಂಟು, ಹತ್ತು ವರ್ಷದ ಅವಕಾಶ

ಮನುಷ್ಯನ ದೊಡ್ಡ ಕರುಳು ಸುಮಾರು ಐದು ಅಡಿ ಉದ್ದದ ನಳಿಕೆ. ಅದರ ಒಳಗೋಡೆ ನುಣುಪಾದ ಪೈಪಿನಂತೆ ಇರುವುದಿಲ್ಲ. ಪಂಚೆಯ ನೆರಿಗೆಗಳಂತೆ ಮಡಿಕೆ ಮಡಿಕೆಯಾಗಿರುತ್ತದೆ. ಈ ಗೋಡೆಯ ಮೇಲೆ ಕೆಲವರಿಗೆ, ಸಾಮಾನ್ಯವಾಗಿ ವಯಸ್ಸು ಐವತ್ತರ ಆಸುಪಾಸಿಗೆ ಬಂದಾಗ, ಸಣ್ಣ ಗಂಟುಗಳು ಮೊಳೆಯುತ್ತವೆ. ವೈದ್ಯರು ಇವಕ್ಕೆ ಪಾಲಿಪ್ ಎನ್ನುತ್ತಾರೆ. ಕೆಲವು ಹೆಸರುಕಾಳಿನಷ್ಟು, ಕೆಲವು ಬಟಾಣಿಯಷ್ಟು, ಕೆಲವು ಅಣಬೆಯಂತೆ ತೊಟ್ಟಿನ ಮೇಲೆ ನಿಂತವು, ಇನ್ನು ಕೆಲವು ಗೋಡೆಗೆ ಅಂಟಿಕೊಂಡು ಚಪ್ಪಟೆಯಾಗಿ ಹರಡಿದವು. ನೋವಿಲ್ಲ, ಬಹಳ ಸಲ ಬೇರಾವ ಸೂಚನೆಯೂ ಇಲ್ಲ.

ಇವುಗಳಲ್ಲಿ ಬಹುಪಾಲು ನಿರುಪದ್ರವಿ. ಆದರೆ ಅಡಿನೋಮ ಎಂಬ ಜಾತಿಯ ಗಂಟುಗಳಲ್ಲಿ ಕೆಲವು ನಿಧಾನವಾಗಿ ಬೆಳೆದು ಕ್ಯಾನ್ಸರ್ ಆಗಿ ತಿರುಗುತ್ತವೆ. ದೊಡ್ಡ ಕರುಳಿನ ಕ್ಯಾನ್ಸರಿನ ಹೆಚ್ಚಿನ ಪ್ರಕರಣಗಳು ಹುಟ್ಟುವುದು ಈ ದಾರಿಯಲ್ಲೇ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್‌ಬರ್ಟ್ ಡ್ಯೂಕ್ಸ್, ಅವರ ನಂತರ ಬೇಸಿಲ್ ಮಾರ್ಸನ್ ಅವರಂಥ ರೋಗಶಾಸ್ತ್ರಜ್ಞರು ಕತ್ತರಿಸಿ ತೆಗೆದ ಕರುಳುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ ಈ ಸಂಬಂಧವನ್ನು ಬಿಡಿಸಿಟ್ಟರು. ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷವೋ ಅದಕ್ಕೂ ಹೆಚ್ಚೋ ಬೇಕು. ರೋಗವೊಂದು ಮನುಷ್ಯನಿಗೆ ಇಷ್ಟು ದೀರ್ಘ ಅವಕಾಶ ಕೊಡುವುದು ಅಪರೂಪ. ಆ ಅವಧಿಯಲ್ಲಿ ಗಂಟನ್ನು ಕಂಡುಹಿಡಿದು ಕಿತ್ತರೆ ಕ್ಯಾನ್ಸರ್ ಹುಟ್ಟುವುದೇ ಇಲ್ಲ. 1993ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ರಾಷ್ಟ್ರೀಯ ಪಾಲಿಪ್ ಅಧ್ಯಯನ ಇದನ್ನು ಅಂಕಿಗಳಲ್ಲೇ ತೋರಿಸಿತು. ಗಂಟು ತೆಗೆಸಿಕೊಂಡವರಲ್ಲಿ ಮುಂದೆ ಕರುಳಿನ ಕ್ಯಾನ್ಸರ್ ಬಂದ ಪ್ರಮಾಣ, ಹೋಲಿಕೆಗೆ ಆರಿಸಿಕೊಂಡಿದ್ದ ಗುಂಪುಗಳಿಗಿಂತ ಶೇ. 76ರಿಂದ 90ರಷ್ಟು ಕಡಿಮೆಯಿತ್ತು.

ಹಾಗಾದರೆ ಕೆಲಸ ಸುಲಭವಲ್ಲವೆ? ನೋಡುವುದು, ಕೀಳುವುದು. ಕೀಳುವುದು ಬಹುಮಟ್ಟಿಗೆ ಸುಲಭವಾಯಿತು. ನೋಡುವುದೇ ಕಷ್ಟವಾಗಿ ಉಳಿಯಿತು.

ಕತ್ತಲೆಯೊಳಗೆ ಬೆಳಕು

ಮೊದಲ ತೊಡಕು ಕತ್ತಲೆ. 1895ರಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್‌ಹೆಲ್ಮ್ ರಾಂಟ್‌ಜೆನ್ ಕ್ಷ-ಕಿರಣವನ್ನು ಕಂಡುಹಿಡಿದಾಗ ಮೂಳೆಗಳು ಕಂಡವು. ಮೃದುವಾದ ಕರುಳು ಕಾಣಲಿಲ್ಲ. ಅದನ್ನು ಕಾಣಿಸಲು ಬೇರಿಯಂ ಎಂಬ ಬಿಳಿ ದ್ರಾವಣವನ್ನು ಒಳಗೆ ತುಂಬಿ ಚಿತ್ರ ತೆಗೆಯುವ ರೂಢಿ ಬಂತು. 1923ರಲ್ಲಿ ಜರ್ಮನಿಯ ಫಿಷರ್ ಎಂಬ ವೈದ್ಯರು ಬೇರಿಯಂ ಜೊತೆಗೆ ಗಾಳಿಯನ್ನೂ ತುಂಬುವ ಉಪಾಯ ಮಾಡಿದರು. ಗೋಡೆಗೆ ಸುಣ್ಣ ಬಳಿದಂತೆ ಬೇರಿಯಂ ತೆಳುವಾಗಿ ಹರಡಿಕೊಂಡು, ಉಬ್ಬಿದ ಕರುಳಿನ ರೇಖೆಗಳು ಚಿತ್ರದಲ್ಲಿ ಮೂಡಿದವು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದೇ ಮುಖ್ಯ ವಿಧಾನವಾಗಿತ್ತು.

ಕರುಳಿನೊಳಗೆ ನೇರವಾಗಿ ಇಣುಕಬೇಕಾದರೆ ಬಾಗುವ ದಾರಿಯಲ್ಲಿ ಬೆಳಕನ್ನೂ ಬಾಗಿಸಬೇಕು. ಇದರ ಕೀಲಿಯನ್ನು ಒದಗಿಸಿದವರಲ್ಲಿ ಒಬ್ಬರು ಭಾರತೀಯರು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಅವರೊಡನೆ ಸೇರಿ, ಕೂದಲೆಳೆಯಂಥ ಗಾಜಿನ ತಂತುಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು 1954ರಲ್ಲಿ ತೋರಿಸಿದರು. ಅದನ್ನು ಆಧರಿಸಿ 1957ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬೇಸಿಲ್ ಹರ್ಷೋವಿಟ್ಸ್ ಹೊಟ್ಟೆಯೊಳಗೆ ನೋಡುವ ಬಾಗುವ ದರ್ಶಕವನ್ನು ಬಳಕೆಗೆ ತಂದರು. 1969ರಲ್ಲಿ ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯ ಹಿರೋಮಿ ಶಿನ್ಯ ಮತ್ತು ವಿಲಿಯಂ ವುಲ್ಫ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೊಲೊನೊಸ್ಕೋಪ್ ಎಂಬ ಉದ್ದ ಕೊಳವೆಯೊಳಗಿನಿಂದಲೇ ತಂತಿಯ ಕುಣಿಕೆಯೊಂದನ್ನು ತೂರಿಸಿ, ಗಂಟಿನ ಕುತ್ತಿಗೆಗೆ ಬಿಗಿದು, ವಿದ್ಯುತ್ತಿನಿಂದ ಸುಟ್ಟು ಕತ್ತರಿಸಿದರು. ಅಲ್ಲಿಯವರೆಗೆ ಕರುಳಿನ ಮೇಲ್ಭಾಗದ ಗಂಟು ತೆಗೆಯಲು ಹೊಟ್ಟೆಯನ್ನೇ ತೆರೆಯಬೇಕಾಗಿತ್ತು.

ಇನ್ನೊಂದು ದಿಕ್ಕಿನಲ್ಲಿ ಇನ್ನೊಂದು ಕ್ರಾಂತಿ ನಡೆಯಿತು. ಇ.ಎಂ.ಐ. ಕಂಪೆನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರ 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಚಿತ್ರ ತೆಗೆಯಿತು. ದೇಹವನ್ನು ಬ್ರೆಡ್ಡಿನ ಹೋಳುಗಳಂತೆ ಪದರ ಪದರವಾಗಿ ತೋರಿಸುವ ಯಂತ್ರ ಅದು. 1994ರಲ್ಲಿ ಹವಾಯಿಯಲ್ಲಿ ನಡೆದ ತಜ್ಞರ ಸಭೆಯೊಂದರಲ್ಲಿ ಉತ್ತರ ಕ್ಯಾರೊಲಿನದ ವೈದ್ಯ ಡೇವಿಡ್ ವೈನಿಂಗ್ ಒಂದು ಚಲನಚಿತ್ರ ತೋರಿಸಿದರು. ಸಿ.ಟಿ. ಹೋಳುಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಜೋಡಿಸಿ ಕಟ್ಟಿದ ಕರುಳಿನೊಳಗೆ ಪ್ರೇಕ್ಷಕ ವಿಮಾನದಲ್ಲಿ ಹಾರಿಹೋದಂತೆ ಕಾಣುತ್ತಿತ್ತು. ಕೊಳವೆ ಇಳಿಸದೆಯೇ ಕರುಳಿನ ಪ್ರವಾಸ! ಇದಕ್ಕೆ ಕಾಲ್ಪನಿಕ ಕೊಲೊನೊಸ್ಕೊಪಿ ಎಂಬ ಅರ್ಥದ ಹೆಸರು ಬಂತು. ಒಬಾಮ ಅವರಿಗೆ ನಡೆದದ್ದು ಇದೇ.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಸಿ.ಟಿ. ಗಂಟನ್ನು ತೋರಿಸಬಲ್ಲದು, ಕೀಳಲಾರದು. ಗಂಟು ಕಂಡರೆ ಮತ್ತೆ ಕೊಳವೆಗೇ ಶರಣಾಗಬೇಕು. ತಪಾಸಣೆಗೆ ಮುನ್ನ ಕರುಳನ್ನು ಖಾಲಿ ಮಾಡಿಕೊಳ್ಳುವ ಕಷ್ಟವೂ ಪೂರ್ತಿ ತಪ್ಪಲಿಲ್ಲ.

ಮೊರದಲ್ಲಿ ಕಲ್ಲು ಆರಿಸಿದಂತೆ

ಬೆಳಕಿನ ತೊಡಕು ಹೀಗೆ ಬಗೆಹರಿಯಿತು. ಆಗ ಎರಡನೆಯ ತೊಡಕು ಎದುರಾಯಿತು. ಅದು ಯಂತ್ರದ್ದಲ್ಲ, ಮನುಷ್ಯನ ಗಮನದ್ದು.

ಇಲ್ಲಿ ನೆರೆದಿರುವವರಲ್ಲಿ ಮೊರದಲ್ಲಿ ಅಕ್ಕಿ ಆರಿಸಿದವರು ಇದ್ದೇ ಇರುತ್ತೀರಿ. ಕಲ್ಲು ಕಣ್ಣೆದುರಿಗೇ ಇರುತ್ತದೆ. ಬೆಳಕಿಗೂ ಕೊರತೆಯಿಲ್ಲ. ಆದರೂ ಊಟಕ್ಕೆ ಕುಳಿತಾಗ ಹಲ್ಲಿಗೆ ಒಂದು ಕಲ್ಲು ಸಿಕ್ಕೇ ಸಿಗುತ್ತದೆ. ಮೊದಲ ಮೊರ ಆರಿಸುವಾಗ ಇದ್ದ ಎಚ್ಚರ ಹತ್ತನೆಯ ಮೊರಕ್ಕೆ ಇರುವುದಿಲ್ಲ. ಅಕ್ಕಿಯ ಬಣ್ಣದ್ದೇ ಕಲ್ಲಾದರೆ ಕೈ ಅದರ ಮೇಲೆಯೇ ಹಾದುಹೋಗುತ್ತದೆ.

ಒಬ್ಬ ರೋಗಿಯ ಸಿ.ಟಿ. ತಪಾಸಣೆಯಲ್ಲಿ ನೂರಾರು ಹೋಳುಗಳು. ಅಂಗಾತ ಮಲಗಿಸಿ ಒಮ್ಮೆ, ಮಗುಚಿ ಮಲಗಿಸಿ ಇನ್ನೊಮ್ಮೆ ಚಿತ್ರ ತೆಗೆಯುವುದರಿಂದ ಎಲ್ಲವೂ ಎರಡು ಪಟ್ಟು. ತಪಾಸಣೆಗೆ ಬಂದ ಆರೋಗ್ಯವಂತರಲ್ಲಿ ಹೆಚ್ಚಿನವರಿಗೆ ದೊಡ್ಡ ಗಂಟು ಇರುವುದೇ ಇಲ್ಲ. ಅಂದರೆ ತಜ್ಞರು ಗಂಟೆಗಟ್ಟಲೆ ಏನೂ ಇಲ್ಲದ ಚಿತ್ರಗಳನ್ನು ನೋಡುತ್ತ, ಎಲ್ಲೋ ಒಮ್ಮೆ ಬರುವ ಬಟಾಣಿಗಾಗಿ ಎಚ್ಚರ ಕಾಯಬೇಕು. ಕೊಳವೆ ಹಿಡಿದ ವೈದ್ಯರ ಸ್ಥಿತಿಯೂ ಬೇರೆಯಲ್ಲ. ಮಡಿಕೆಯ ಹಿಂದೆ ಅಡಗಿದ್ದು ಕ್ಯಾಮೆರಾಕ್ಕೆ ಕಾಣುವುದಿಲ್ಲ. ಕಂಡದ್ದೂ ಅರೆಕ್ಷಣದಲ್ಲಿ ಪರದೆಯಿಂದ ಸರಿದುಹೋಗುತ್ತದೆ.

ಎಷ್ಟು ತಪ್ಪಿಹೋಗುತ್ತದೆ? ಒಬ್ಬನೇ ವ್ಯಕ್ತಿಗೆ ಬೆನ್ನುಬೆನ್ನಿಗೆ ಎರಡು ಸಲ ಕೊಳವೆ ಪರೀಕ್ಷೆ ಮಾಡಿದ ಹಲವು ಅಧ್ಯಯನಗಳನ್ನು 2006ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಮೊದಲ ಸಲ ಕಣ್ತಪ್ಪಿದ ಗಂಟುಗಳು ಶೇ. 22. ಹತ್ತು ಮಿಲಿಮೀಟರಿಗಿಂತ ದೊಡ್ಡವು ತಪ್ಪಿದ್ದು ಶೇ. 2ರಷ್ಟು ಮಾತ್ರ, ತೀರ ಚಿಕ್ಕವು ಶೇ. 26ರಷ್ಟು. ನಿಪುಣರ ಕೈಯಲ್ಲೇ ಐದರಲ್ಲೊಂದು ತಪ್ಪುತ್ತದೆಯೆಂದರೆ ಅದನ್ನು ಅಲಕ್ಷ್ಯ ಎಂದು ತಳ್ಳಿಹಾಕಲಾಗದು. ಅದು ಮನುಷ್ಯನ ಕಣ್ಣಿನ ಮಿತಿ.

ಈ ಮಿತಿಯ ಬೆಲೆ ಎಷ್ಟೆಂಬುದು 2014ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಗೊತ್ತಾಯಿತು. ಅಲ್ಲಿ 136 ವೈದ್ಯರು ಮಾಡಿದ ಮೂರು ಲಕ್ಷಕ್ಕೂ ಹೆಚ್ಚು ಪರೀಕ್ಷೆಗಳನ್ನು ಜಾಲಾಡಲಾಯಿತು. ವೈದ್ಯರು ತಾವು ಪರೀಕ್ಷಿಸಿದವರಲ್ಲಿ ನೂರಕ್ಕೆ ಎಷ್ಟು ಜನರಲ್ಲಿ ಅಡಿನೋಮ ಕಂಡುಹಿಡಿಯುತ್ತಾರೆ ಎಂಬುದೇ ಅವರ ಅಳತೆಗೋಲು. ಈ ಪ್ರಮಾಣ ಶೇ. 1 ಹೆಚ್ಚಾದರೆ, ಅವರ ರೋಗಿಗಳಿಗೆ ಮುಂದೆ ಕರುಳಿನ ಕ್ಯಾನ್ಸರ್ ಬರುವ ಅಪಾಯ ಶೇ. 3ರಷ್ಟು ಕಡಿಮೆಯಾಗಿತ್ತು. ಪರೀಕ್ಷೆ ಒಂದೇ, ಕೊಳವೆ ಒಂದೇ. ಯಾರ ಕಣ್ಣು ಎಂಬುದರ ಮೇಲೆ ರೋಗಿಯ ಭವಿಷ್ಯ ನಿಂತಿತ್ತು.

ಯಂತ್ರಕ್ಕೆ ಆಕಾರದ ಪಾಠ

ದಣಿಯದ ಸಹಾಯಕನೊಬ್ಬ ಪಕ್ಕದಲ್ಲಿ ಕುಳಿತು "ಇಲ್ಲಿ ನೋಡಿ" ಎಂದು ಬೆರಳು ತೋರಿಸಿದರೆ ಹೇಗೆ? ಈ ಆಲೋಚನೆ ಹಳೆಯದು. 1960ರ ದಶಕದಲ್ಲೇ ಮಿಸೌರಿ ವಿಶ್ವವಿದ್ಯಾಲಯದ ಗ್ವಿಲಿಂ ಲಾಡ್ವಿಕ್, ಎದೆಯ ಕ್ಷ-ಕಿರಣ ಚಿತ್ರದ ಲಕ್ಷಣಗಳನ್ನು ಅಂಕಿಗಳಾಗಿ ಬದಲಿಸಿ ಕಂಪ್ಯೂಟರಿಗೆ ಉಣಿಸಲು ಯತ್ನಿಸಿದ್ದರು. 1980ರ ದಶಕದಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಕುನಿಯೊ ದೋಯಿ ಮತ್ತು ಸಂಗಡಿಗರು ಗುರಿಯನ್ನು ಸ್ಪಷ್ಟಪಡಿಸಿದರು. ಯಂತ್ರ ತೀರ್ಪು ಕೊಡುವುದು ಬೇಡ. ಅನುಮಾನದ ಜಾಗಕ್ಕೆ ಗುರುತು ಹಾಕಲಿ, ತೀರ್ಪು ವೈದ್ಯರದೇ ಇರಲಿ. ಸ್ತನದ ಕ್ಷ-ಕಿರಣ ಚಿತ್ರಗಳಿಗೆ ಇಂಥ ಸಾಧನವೊಂದಕ್ಕೆ 1998ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು.

ಕರುಳಿನ ವಿಷಯದಲ್ಲಿ ಯಂತ್ರಕ್ಕೆ ಕಲಿಸಿದ್ದು ಆಕಾರದ ಪಾಠ. ಸಿ.ಟಿ. ಚಿತ್ರದ ಪ್ರತಿ ಬಿಂದುವಿಗೂ ಒಂದು ಅಂಕಿ ಇರುತ್ತದೆ. ನೀರಿಗೆ ಸೊನ್ನೆ, ಗಾಳಿಗೆ ಋಣ ಒಂದು ಸಾವಿರ. ಪರೀಕ್ಷೆಗೆ ಮುನ್ನ ಕರುಳಿಗೆ ಗಾಳಿಯನ್ನೋ ಇಂಗಾಲದ ಡೈಆಕ್ಸೈಡನ್ನೋ ತುಂಬಿ ಉಬ್ಬಿಸಿರುತ್ತಾರೆ. ಹೀಗಾಗಿ ಗಾಳಿ ಮುಗಿದು ಮಾಂಸ ಆರಂಭವಾಗುವ ಗಡಿಯನ್ನು ಕಂಪ್ಯೂಟರು ಸುಲಭವಾಗಿ ಗುರುತಿಸುತ್ತದೆ. ಆ ಗಡಿಯೇ ಕರುಳಿನ ಒಳಗೋಡೆ.

ಅನಂತರ ಗೋಡೆಯ ಪ್ರತಿ ಚುಕ್ಕೆಯಲ್ಲೂ ಅದು ಒಂದೇ ಪ್ರಶ್ನೆ ಕೇಳುತ್ತದೆ: ಇಲ್ಲಿ ಮೇಲ್ಮೈ ಹೇಗೆ ಬಾಗಿದೆ? ನೆದರ್‌ಲೆಂಡ್ಸ್‌ನ ಯಾನ್ ಕೂಂಡರಿಂಕ್ ಮತ್ತು ಆಂಡ್ರಿಯಾ ವಾನ್ ಡೂರ್ನ್ 1992ರಲ್ಲಿ ಆಕಾರವನ್ನು ಒಂದೇ ಅಂಕಿಯಲ್ಲಿ ಅಳೆಯುವ ಸೂತ್ರವೊಂದನ್ನು ಕೊಟ್ಟಿದ್ದರು. ಅದರ ಒಂದು ತುದಿಯಲ್ಲಿ ಬಟ್ಟಲು, ನಂತರ ಕಾಲುವೆ, ನಡುವೆ ಕುದುರೆಯ ಜೀನು, ಆಮೇಲೆ ಗದ್ದೆಯ ಬದು, ಇನ್ನೊಂದು ತುದಿಯಲ್ಲಿ ಟೋಪಿ. ಕರುಳಿನ ಗೋಡೆ ಬಹುಪಾಲು ಬಟ್ಟಲಿನ ಒಳಮೈಯಂತೆ ಬಾಗಿರುತ್ತದೆ. ಮಡಿಕೆಗಳು ಬದುವಿನಂತೆ ಉದ್ದಕ್ಕೆ ಎದ್ದಿರುತ್ತವೆ. ಗಂಟು ಮಾತ್ರ ಟೋಪಿಯಂತೆ ಎಲ್ಲ ಕಡೆಗೂ ದುಂಡಗೆ ಉಬ್ಬಿರುತ್ತದೆ. ಬಟ್ಟಲನ್ನೂ ಬದುವನ್ನೂ ಬಿಟ್ಟು ಟೋಪಿಯನ್ನು ಆರಿಸು! ಷಿಕಾಗೋದಲ್ಲಿ ಹಿರೋಯುಕಿ ಯೋಷಿದ ಮತ್ತು ಯಾನೆ ನಾಪ್ಪಿ 2001ರಲ್ಲಿ ಪ್ರಕಟಿಸಿದ ವಿಧಾನದ ತಿರುಳು ಇದೇ. ಬೆಥೆಸ್ಡಾ ನೌಕಾ ಆಸ್ಪತ್ರೆಯ ಎದುರು ರಸ್ತೆಯಾಚೆಗಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ರೊನಾಲ್ಡ್ ಸಮ್ಮರ್ಸ್ ಅವರ ತಂಡವೂ ಇದೇ ಹಾದಿಯಲ್ಲಿ ದುಡಿಯುತ್ತಿತ್ತು.

ಹೇಳಿದಷ್ಟು ಸುಲಭವಲ್ಲ. ಕರುಳಿನಲ್ಲಿ ಉಳಿದ ಮಲದ ಉಂಡೆಯೂ ಟೋಪಿಯಂತೆಯೇ ಕಾಣುತ್ತದೆ. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಬಾಗಿಲಿನ ಕವಾಟವೂ ಉಬ್ಬಿಕೊಂಡೇ ಇರುತ್ತದೆ. ಗಾಳಿ ತುಂಬಲು ಇರಿಸಿದ ಸಣ್ಣ ನಳಿಕೆಯ ತುದಿಯನ್ನೂ ಯಂತ್ರ ಗಂಟೆಂದು ಕೂಗಿದ್ದುಂಟು. ಇವನ್ನು ಬೇರ್ಪಡಿಸಲು ಉಪಾಯಗಳು ಬಂದವು. ಹಿಂದಿನ ದಿನ ಊಟದ ಜೊತೆಗೆ ಬೇರಿಯಂ ಕೊಟ್ಟರೆ ಉಳಿದ ಮಲ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ರೋಗಿಯನ್ನು ಮಗುಚಿದಾಗ ಉಂಡೆ ಉರುಳುತ್ತದೆ, ಗಂಟು ಕದಲುವುದಿಲ್ಲ.

2003ರಲ್ಲಿ ದೊಡ್ಡದೊಂದು ಪರೀಕ್ಷೆ ನಡೆಯಿತು. ಬೆಥೆಸ್ಡಾವೂ ಸೇರಿ ಮೂರು ಸೇನಾ ಆಸ್ಪತ್ರೆಗಳಲ್ಲಿ, ಪೆರಿ ಪಿಕ್‌ಹಾರ್ಟ್ ಅವರ ನೇತೃತ್ವದಲ್ಲಿ, ರೋಗಲಕ್ಷಣವಿಲ್ಲದ 1233 ಜನರಿಗೆ ಒಂದೇ ದಿನ ಸಿ.ಟಿ.ಯನ್ನೂ ಕೊಳವೆ ಪರೀಕ್ಷೆಯನ್ನೂ ಮಾಡಲಾಯಿತು. ಕೊಳವೆ ಹಿಡಿದ ವೈದ್ಯರಿಗೆ ಸಿ.ಟಿ. ಏನು ಹೇಳಿದೆ ಎಂಬುದು ಗೊತ್ತಿರಲಿಲ್ಲ. ಕರುಳಿನ ಒಂದೊಂದು ಭಾಗವನ್ನು ಅವರು ನೋಡಿ ಮುಗಿಸಿದ ಮೇಲೆ ಆ ಭಾಗದ ಫಲಿತಾಂಶವನ್ನು ತಿಳಿಸಲಾಗುತ್ತಿತ್ತು. ಸಿ.ಟಿ. ಕಂಡದ್ದು ತಮಗೆ ಕಾಣದಿದ್ದರೆ ಹಿಂದಿರುಗಿ ಮತ್ತೆ ಹುಡುಕಬೇಕು. ಹತ್ತು ಮಿಲಿಮೀಟರ್ ಮತ್ತು ಅದಕ್ಕಿಂತ ದೊಡ್ಡ ಅಡಿನೋಮಗಳಲ್ಲಿ ಸಿ.ಟಿ. ಶೇ. 93.8ರಷ್ಟನ್ನು ಹಿಡಿಯಿತು, ಕೊಳವೆ ಮೊದಲ ನೋಟಕ್ಕೆ ಶೇ. 87.5ರಷ್ಟನ್ನು. ಎಲ್ಲದಕ್ಕೂ ಒರೆಗಲ್ಲು ಎನಿಸಿಕೊಂಡಿದ್ದ ಕೊಳವೆಯನ್ನೇ ಒರೆಗೆ ಹಚ್ಚಿದಂತಾಯಿತು.

2005ರಲ್ಲಿ ಸಮ್ಮರ್ಸ್ ತಂಡ ಇದೇ ಚಿತ್ರಗಳನ್ನು ಕಂಪ್ಯೂಟರಿಗೆ ಕೊಟ್ಟಿತು. ಒಂದಷ್ಟು ಚಿತ್ರಗಳಿಂದ ಪಾಠ, ಉಳಿದ 792 ಜನರ ಚಿತ್ರಗಳಿಂದ ಪರೀಕ್ಷೆ. ಅದೇ ಗಾತ್ರದ ಅಡಿನೋಮಗಳಲ್ಲಿ ಶೇ. 89.3ರಷ್ಟನ್ನು ಯಂತ್ರ ತಾನಾಗಿಯೇ ಗುರುತಿಸಿತು. ಸುಳ್ಳು ಕೂಗು ರೋಗಿಯೊಬ್ಬರಿಗೆ ಸರಾಸರಿ ಎರಡು. ಕೊಳವೆ ಪರೀಕ್ಷೆಗೆ ಸಮನಾಗಿ ನಿಲ್ಲುವ ಫಲಿತಾಂಶ ಅದು. ಆದರೂ ಬಳಕೆಯ ನಿಯಮ ಒಂದೇ ಆಗಿತ್ತು. ತಜ್ಞರು ಮೊದಲು ತಾವೇ ಪೂರ್ತಿ ನೋಡಬೇಕು, ಆಮೇಲೆ ಯಂತ್ರದ ಗುರುತುಗಳನ್ನು ತೆರೆಯಬೇಕು. ಯಂತ್ರ ಎರಡನೆಯ ಓದುಗ ಮಾತ್ರ. ಈ ಸಣ್ಣ ನಿಯಮದ ಬೆಲೆ ಎಷ್ಟೆಂಬುದು ಆಮೇಲೆ ತಿಳಿಯಿತು.

ಹಸಿರು ಚೌಕದ ಕಾಲ

2010ರ ದಶಕದಲ್ಲಿ ಗಣಕಕ್ಕೆ ಪಾಠ ಹೇಳುವ ಬಗೆ ಬದಲಾಯಿತು. ಟೋಪಿ, ಬದು ಎಂದು ಲಕ್ಷಣ ವಿವರಿಸುವುದನ್ನು ಬಿಟ್ಟು, ಸಾವಿರಾರು ಚಿತ್ರಗಳನ್ನು ತೋರಿಸಿ "ಇದು ಗಂಟು, ಇದಲ್ಲ" ಎಂದಷ್ಟೇ ಹೇಳಲಾಯಿತು. ಲಕ್ಷಣಗಳನ್ನು ಯಂತ್ರ ತಾನೇ ಕಂಡುಕೊಂಡಿತು. ವೇಗವೂ ಹೆಚ್ಚಿತು. ಕೊಳವೆಯ ಕ್ಯಾಮೆರಾ ಕರುಳಿನಲ್ಲಿ ಚಲಿಸುತ್ತಿರುವಾಗಲೇ, ಪರದೆಯ ಮೇಲೆ ಅನುಮಾನದ ಜಾಗದ ಸುತ್ತ ಚೌಕವೊಂದು ಮೂಡತೊಡಗಿತು.

2019ರಲ್ಲಿ ಪ್ರಕಟವಾದ ಚೀನದ ಚೆಂಗ್ಡು ನಗರದ ಅಧ್ಯಯನದಲ್ಲಿ 1058 ಜನರಿದ್ದರು. ಯಂತ್ರದ ನೆರವಿದ್ದಾಗ ಶೇ. 29.1 ಜನರಲ್ಲಿ ಅಡಿನೋಮ ಕಂಡಿತು, ಇಲ್ಲದಿದ್ದಾಗ ಶೇ. 20.3 ಜನರಲ್ಲಿ. ಮರುವರ್ಷ ಇಟಲಿಯ ಅಧ್ಯಯನದಲ್ಲಿ 685 ಜನರ ಪೈಕಿ ಈ ಅಂಕಿಗಳು ಶೇ. 54.8 ಮತ್ತು 40.4. ಇಟಲಿಯಲ್ಲಿ ಬಳಸಿದ ಸಾಧನಕ್ಕೆ 2021ರ ಏಪ್ರಿಲ್‌ನಲ್ಲಿ ಅಮೆರಿಕದ ಅನುಮತಿ ದೊರೆಯಿತು. ಅದು ಪರದೆಯ ಮೇಲೆ ಮೂಡಿಸುವುದು ಹಸಿರು ಚೌಕ. ಚೆಂಗ್ಡುವಿನಲ್ಲಿ ಹೆಚ್ಚಾಗಿ ಸಿಕ್ಕವು ತೀರ ಚಿಕ್ಕ ಗಂಟುಗಳು ಎಂಬುದನ್ನೂ ಗಮನಿಸಬೇಕು. ಚಿಕ್ಕವೆಲ್ಲ ಕ್ಯಾನ್ಸರ್ ಆಗುವುದಿಲ್ಲ.

ಬೆರಳು ತೋರಿಸುವವನಿದ್ದರೆ ಕಣ್ಣು ಸೋಮಾರಿಯಾದೀತೆ?

ಮೊರದ ಬಳಿ ಮತ್ತೆ ಬರೋಣ. ಅಕ್ಕಿ ಆರಿಸುವಾಗ ಪಕ್ಕದಲ್ಲೊಬ್ಬ ಹುಡುಗ ಕುಳಿತು ಕಲ್ಲು ತೋರಿಸುತ್ತಾನೆ ಎನ್ನೋಣ. ಅಕ್ಕಿಯ ನುಚ್ಚಿಗೂ "ಕಲ್ಲು, ಕಲ್ಲು" ಎಂದರೆ ಕೆಲಸ ಹೆಚ್ಚುತ್ತದೆ. ಅವನು ಬಲು ಜಾಣನಾದರೆ ಇನ್ನೊಂದು ಅಪಾಯ. ಆರಿಸುವವರು ಮೊರ ನೋಡುವುದನ್ನು ಬಿಟ್ಟು ಅವನ ಬೆರಳನ್ನೇ ನೋಡತೊಡಗುತ್ತಾರೆ.

ಮೊದಲ ಅಪಾಯ 2007ರಲ್ಲಿ ಅಮೆರಿಕದ ಸ್ತನ ತಪಾಸಣೆಯಲ್ಲಿ ಕಂಡಿತು. 43 ಕೇಂದ್ರಗಳ ದಾಖಲೆ ನೋಡಿದಾಗ, ಯಂತ್ರದ ನೆರವು ಬಂದ ಕಡೆ ಅನುಮಾನಕ್ಕಾಗಿ ಮಾಂಸದ ತುಣುಕು ತೆಗೆದು ಪರೀಕ್ಷಿಸುವುದು ಸುಮಾರು ಐದನೆಯ ಒಂದು ಪಾಲು ಹೆಚ್ಚಿತ್ತು. ಕ್ಯಾನ್ಸರ್ ಪತ್ತೆ ಮಾತ್ರ ಗಮನಾರ್ಹವಾಗಿ ಹೆಚ್ಚಿರಲಿಲ್ಲ.

ಎರಡನೆಯ ಅಪಾಯದ ಸುಳಿವು 2025ರಲ್ಲಿ ಪೋಲೆಂಡಿನಿಂದ ಬಂತು. ಅಲ್ಲಿನ ನಾಲ್ಕು ಕೇಂದ್ರಗಳಲ್ಲಿ ಹಸಿರು ಚೌಕದಂಥ ಸಾಧನ ಬಂದಿತ್ತು. ಕೆಲವು ಪರೀಕ್ಷೆಗಳು ಯಂತ್ರದೊಂದಿಗೆ, ಕೆಲವು ಯಂತ್ರವಿಲ್ಲದೆ ನಡೆಯುತ್ತಿದ್ದವು. ಸಂಶೋಧಕರು ನೋಡಿದ್ದು ಯಂತ್ರವಿಲ್ಲದೆ ನಡೆದವನ್ನು ಮಾತ್ರ. ಯಂತ್ರ ಬರುವ ಮುನ್ನ ವೈದ್ಯರು ಬರಿಗಣ್ಣಿನಿಂದ ಶೇ. 28.4 ಜನರಲ್ಲಿ ಅಡಿನೋಮ ಹಿಡಿಯುತ್ತಿದ್ದರು. ಯಂತ್ರ ಬಂದ ಮೇಲೆ, ಅದಿಲ್ಲದ ದಿನಗಳಲ್ಲಿ, ಇದು ಶೇ. 22.4ಕ್ಕೆ ಇಳಿಯಿತು. ಇವರು ಹೊಸಬರಲ್ಲ, ತಲಾ ಎರಡು ಸಾವಿರಕ್ಕೂ ಹೆಚ್ಚು ಪರೀಕ್ಷೆ ಮಾಡಿದ ಹತ್ತೊಂಬತ್ತು ನುರಿತ ವೈದ್ಯರು. ಇದೊಂದು ಅಧ್ಯಯನ, ಇಳಿಕೆಗೆ ಬೇರೆ ಕಾರಣಗಳೂ ಇರಬಹುದು. ಆದರೆ ಕ್ಯಾಲಿಫೋರ್ನಿಯದ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಿದರೆ, ಆರು ಅಂಕಿಗಳ ಇಳಿಕೆ ಬರಿಯ ಅಂಕಿಯಾಗಿ ಉಳಿಯುವುದಿಲ್ಲ.

"ಮೊದಲು ನೀವು ನೋಡಿ, ಆಮೇಲೆ ಯಂತ್ರವನ್ನು ಕೇಳಿ" ಎಂಬ ಹಳೆಯ ನಿಯಮದ ವಿವೇಕ ಈಗ ಅರ್ಥವಾಗುತ್ತದೆ. ಸಿ.ಟಿ. ಚಿತ್ರದಲ್ಲಿ ಅದು ಸಾಧ್ಯವಿತ್ತು, ಚಿತ್ರ ಎಲ್ಲಿಗೂ ಓಡಿಹೋಗುವುದಿಲ್ಲ. ಚಲಿಸುವ ಕ್ಯಾಮೆರಾದಲ್ಲಿ ಎರಡು ಕಣ್ಣುಗಳೂ ಒಟ್ಟಿಗೇ ನೋಡುತ್ತವೆ. ಆದ್ದರಿಂದ ಆಗಾಗ ಯಂತ್ರವನ್ನು ಆರಿಸಿ ಅಭ್ಯಾಸ ಮಾಡುವುದು, ಕಲಿಯುವವರಿಗೆ ಮೊದಲು ಬರಿಗಣ್ಣಿನ ತರಬೇತಿ ಕೊಡುವುದು, ವೈದ್ಯರ ಪತ್ತೆಯ ಪ್ರಮಾಣವನ್ನು ಯಂತ್ರವಿದ್ದಾಗ ಎಷ್ಟು, ಇಲ್ಲದಾಗ ಎಷ್ಟು ಎಂದು ಬೇರೆಯಾಗಿ ಲೆಕ್ಕವಿಡುವುದು ಅಗತ್ಯವಾಗುತ್ತದೆ. ಮಡಿಕೆಯನ್ನು ಬಿಡಿಸಿ ಅದರ ಹಿಂದೆ ಕ್ಯಾಮೆರಾ ತಿರುಗಿಸುವ ಕೈ ವೈದ್ಯರದೇ. ಕ್ಯಾಮೆರಾ ನೋಡದ ಜಾಗದಲ್ಲಿ ಯಾವ ಚೌಕವೂ ಮೂಡುವುದಿಲ್ಲ.

ನಾಚಿಕೆಗೆ ಯಂತ್ರದಲ್ಲಿ ಮದ್ದಿಲ್ಲ

ಯಂತ್ರಕ್ಕೆ ಎಟುಕದ ಇನ್ನೊಂದು ಸಂಗತಿ ಇದೆ. ಅದು ಮಂಚದ ಮೇಲೆ ಬಂದು ಮಲಗಿದವರನ್ನು ಮಾತ್ರ ನೋಡಬಲ್ಲದು. ಪೋಲೆಂಡ್, ನಾರ್ವೆ, ಸ್ವೀಡನ್‌ಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಕೊಳವೆ ಪರೀಕ್ಷೆಗೆ ಆಹ್ವಾನ ಪಡೆದವರಲ್ಲಿ ಬಂದವರು ಶೇ. 42 ಮಾತ್ರ. ಹಿಂದೆ ಸರಿಯುವುದಕ್ಕೆ ಭಯದಷ್ಟೇ ನಾಚಿಕೆಯೂ ಕಾರಣ. ಅಮೆರಿಕದ ದೂರದರ್ಶನ ನಿರೂಪಕಿ ಕೇಟಿ ಕುರಿಕ್ ಅವರ ಪತಿ 1998ರಲ್ಲಿ, 42ನೆಯ ವಯಸ್ಸಿನಲ್ಲಿ, ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು. 2000ದ ಮಾರ್ಚ್‌ನಲ್ಲಿ ಕುರಿಕ್ ತಮ್ಮದೇ ಕರುಳಿನ ಪರೀಕ್ಷೆಯನ್ನು ದೇಶಕ್ಕೆಲ್ಲ ದೂರದರ್ಶನದಲ್ಲಿ ತೋರಿಸಿದರು. ನಂತರದ ತಿಂಗಳುಗಳಲ್ಲಿ ಪರೀಕ್ಷೆಗೆ ಬರುವವರ ಸಂಖ್ಯೆ ಶೇ. 20ಕ್ಕೂ ಹೆಚ್ಚು ಏರಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಯಾವ ಗಣಕವೂ ಮಾಡಲಾರದ ಕೆಲಸ ಅದು.

ನಮ್ಮಲ್ಲಿ ಪರಿಸ್ಥಿತಿ ಬೇರೆ. 1982ರಲ್ಲಿ ಆರಂಭವಾದ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯೂ ಸೇರಿ ದೇಶದ ನೋಂದಣಿಗಳ ಪ್ರಕಾರ, ಭಾರತದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಪಶ್ಚಿಮದ ದೇಶಗಳಿಗಿಂತ ಬಹಳ ಕಡಿಮೆ. ಸರ್ಕಾರದ ತಪಾಸಣೆ ಕಾರ್ಯಕ್ರಮ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳ ಮೇಲೆ ಗಮನ ಇಟ್ಟಿರುವುದು ಇದರಿಂದಲೇ. ಆರೋಗ್ಯವಂತರೆಲ್ಲ ಕರುಳಿನ ಚಿತ್ರ ತೆಗೆಸಬೇಕೆಂದು ಇಲ್ಲಿ ಯಾರೂ ಹೇಳುವುದಿಲ್ಲ. ಆದರೆ ಮಲದಲ್ಲಿ ರಕ್ತ ಕಂಡರೆ "ಮೂಲವ್ಯಾಧಿ ಇರಬೇಕು" ಎಂದು ಮನೆಮದ್ದಿನಲ್ಲಿ ತಿಂಗಳುಗಟ್ಟಲೆ ಕಳೆಯುವುದು, ಹೇಳಿಕೊಳ್ಳಲು ನಾಚಿ ಮುಚ್ಚಿಡುವುದು ನಮ್ಮಲ್ಲಿ ಮಾಮೂಲು. ಬಹಳ ಸಲ ಅದು ಮೂಲವ್ಯಾಧಿಯೇ ಆಗಿರುತ್ತದೆ. ಅಲ್ಲದಿದ್ದಾಗ, ಆ ಹತ್ತು ವರ್ಷದ ಅವಕಾಶದ ಕೊನೆಯ ಭಾಗ ಕೈಜಾರುತ್ತದೆ. ರಕ್ತ ಹೋಗುವುದು, ಕಾರಣವಿಲ್ಲದ ರಕ್ತಹೀನತೆ, ವಾರಗಟ್ಟಲೆ ಬದಲಾದ ಮಲವಿಸರ್ಜನೆಯ ರೂಢಿ, ಮನೆಯಲ್ಲಿ ಹತ್ತಿರದವರಿಗೆ ಈ ರೋಗ ಬಂದಿರುವುದು, ಇವು ವೈದ್ಯರ ಬಳಿ ಬಾಯಿಬಿಟ್ಟು ಹೇಳಬೇಕಾದ ಸಂಗತಿಗಳು.

ರೇಗನ್ ಅವರ ಗಂಟನ್ನು 1985ರಲ್ಲಿ ಹಿಡಿದದ್ದು ಯಾವ ಗಣಕವೂ ಅಲ್ಲ. ಸಣ್ಣ ಗಂಟೊಂದನ್ನು ತೆಗೆಯಲು ಬಂದ ವೈದ್ಯರು ಅಷ್ಟಕ್ಕೇ ನಿಲ್ಲದೆ, ಕರುಳಿನ ಕೊನೆಯವರೆಗೂ ಹೋಗಿ ನೋಡಿದರು. ಎರಡನೆಯ ಕಣ್ಣು ಇಂದು ಬಂದಿದೆ, ಅದು ದಣಿಯುವುದಿಲ್ಲ, ಅದರ ಉಪಕಾರವೂ ದೊಡ್ಡದು. ಆದರೆ ಮೂಲೆಯವರೆಗೂ ಹೋಗಿ ನೋಡಬೇಕೆಂಬ ಹಟ ಮೊದಲನೆಯ ಕಣ್ಣಿನದು. ಅದನ್ನು ಮಂಕಾಗಲು ಬಿಡದಂತೆ ನೋಡಿಕೊಳ್ಳುವುದು ಆಸ್ಪತ್ರೆಗಳ ಹೊಣೆ. ಆ ಕಣ್ಣಿನೆದುರು ಸಮಯಕ್ಕೆ ಸರಿಯಾಗಿ ಬಂದು ನಿಲ್ಲುವುದು ಉಳಿದವರ ಹೊಣೆ.